ಶಾಲೆಗೆ ಕರೆದ ಸಾವಿನ ವಾದ್ಯ

ಜನವರಿ 8, ಬೆಳಿಗ್ಗೆ

ನಾಯಿಗಳಿಗೆ ಚುಚ್ಚುಮದ್ದು — ನಾಳೆ, ಬುದ್ಧ ವಿಹಾರದ ಅಂಗಳದಲ್ಲಿ. ಮಧ್ಯಾಹ್ನ ಕರೆಂಟ್ ಇರುವುದಿಲ್ಲ. ಕಬ್ಬು ಕಡಿಯುವವರ ಲಾರಿ ಇನ್ನು ಮುಂದೆ ಸೇತುವೆ ಹತ್ತಿರ ನಿಲ್ಲುತ್ತದೆ. ಊರಿನ ಸ್ಪೀಕರ್‌ನಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಿದೆ. ಮೊದಲು ಬಾಯಿಪಾಠ ಮಾಡುವುದು, ಆಮೇಲೆ ಕಣ್ಣು ಮುಚ್ಚಿ ಮೈಕ್‌ಗೆ ಹೇಳುವುದು. ಕಣ್ಣು ಬಿಟ್ಟರೆ ಮಾತು ಮರೆತುಹೋಗುತ್ತದೆ.

ಮೊದಲು ಸುದ್ದಿ ಹೇಳುತ್ತಿದ್ದ ಪಟೇಲರ ಗಂಟಲು ಹೋಗಿ ಆಗಲೇ ಎಷ್ಟೋ ದಿನವಾಯಿತು. ಡಾಕ್ಟರ್ ಮಾತಾಡಲೇಬೇಡಿ ಎಂದಿದ್ದಾರೆ. ಅವರ ಭತ್ತದ ಗಿರಣಿಯಲ್ಲಿ ಕೆಲಸ ಮಾಡುವವರ ಪೈಕಿ ಓದಲು ಬರುವವಳು ನಾನೊಬ್ಬಳೇ. ಆರನೇ ಕ್ಲಾಸಿನ ಓದು. ಸಾಕು ಎಂದು ಕೈಸನ್ನೆ ಮಾಡಿ ಮೈಕ್ ಕೊಟ್ಟರು. ಗಿರಣಿಯ ಹಿಂದಿನ ಕತ್ತಲೆ ಕೋಣೆ. ನಾನು, ಮೈಕ್, ಹಾಡಿನ ಡಿಸ್ಕ್‌ಗಳ ತಗಡಿನ ಡಬ್ಬಿ. ಅಲ್ಲಿ ನನಗೆ ಭಯವಿಲ್ಲ.

ಅಂಗಡಿಯಲ್ಲಿ ಸಿಮ್ ಅಜ್ಜಿ ಯಾರಿಗೋ ಹೇಳುತ್ತಿದ್ದಳು: "ಸ್ಪೀಕರ್‌ನಾಗೆ ಮಾತಾಡೋ ಆ ಹುಡ್ಗಿ ಯಾವೂರೋಳೇ? ಜೇನು ಸುರ್ದಂಗೆ ಮಾತಾಡ್ತಾಳಲ್ಲ!"

ಉಪ್ಪು ತೆಗೆದುಕೊಂಡು ಮನೆಗೆ ಬಂದೆ. ಆ ಹುಡುಗಿ ನಾನೇ ಎನ್ನಲಿಲ್ಲ.

ಜನವರಿ 10

ತೌಡು ಗುಡಿಸುತ್ತಿದ್ದೆ. ಕ್ರೂ ಸುನಂತಾ ಬಂದರು. ಕ್ರೂ ಎಂದರೆ ಟೀಚರ್. ತಂಗಿ ಫೈಲಿನ್‌ಳ ಕ್ಲಾಸಿನವರು. ಪೊರಕೆ ಹಿಡಿದೇ ಕೈಮುಗಿದೆ.

"ಬುವಾ, ಊರಿಗೆ ಸುದ್ದಿ ಹೇಳೋಳು ನೀನೇ ಅಂತೆ?"

ತಲೆಯಾಡಿಸಿದೆ. ಅವರು ಫೋನ್ ತೆಗೆದು ಶಾಲೆಯ ಗ್ರೂಪ್ ತೋರಿಸಿದರು. ಅವರು ಹಾಕಿದ ಪ್ರತಿ ಮೆಸೇಜಿನ ಕೆಳಗೂ ಕೈಮುಗಿದ ಗೊಂಬೆ, ಗುಲಾಬಿ, ಕುಣಿಯುವ ಮೊಲ. ಅಮ್ಮನದೂ ಒಂದು ಮೊಲ ಇತ್ತು. ಎಲ್ಲರೂ ಬ್ಯಾಂಕಾಕ್‌ನಲ್ಲಿರುವ ಅಪ್ಪ ಅಮ್ಮಂದಿರು. ಹೊಲಿಗೆ ಕಾರ್ಖಾನೆ, ಟ್ಯಾಕ್ಸಿ, ಕಟ್ಟಡದ ಕೆಲಸ.

"ಇವರೆಲ್ಲ ಓದ್ತಾರೆ, ಬರೋಕಾಗಲ್ಲ. ಬರೋಕಾಗೋ ಅಜ್ಜ ಅಜ್ಜೀರ ಹತ್ರ ಫೋನಿಲ್ಲ."

"ಚೀಟಿ..." ಎಂದೆ.

"ಕಳಿಸ್ದೆ ಕಣಮ್ಮ. ಬುನ್‌ಥಾನ್ ತಾತನ ಮನೆ ಮುಂದೆ ಹೋಗ್ತಿದ್ದೆ. ಅದೇ ಚೀಟೀಲಿ ಹೊಗೆಸೊಪ್ಪು ಸುತ್ಕೊಂಡು ಸೇದ್ತಾ ಕೂತಿದ್ರು. ನನ್ನ ಸಹಿ ಉರೀತಿತ್ತು."

ಇಬ್ಬರೂ ನಕ್ಕೆವು. ಆಮೇಲೆ ಅವರು ನಗಲಿಲ್ಲ. ಬರುವ ವರ್ಷದಿಂದ ಏಳು, ಎಂಟು, ಒಂಬತ್ತನೇ ಕ್ಲಾಸು ಮುಚ್ಚಿ ಮಕ್ಕಳನ್ನು ಪೇಟೆ ಶಾಲೆಗೆ ಸೇರಿಸುವ ಯೋಚನೆಯಂತೆ. ಫೆಬ್ರವರಿ ಹದಿಮೂರಕ್ಕೆ ಶಿಕ್ಷಣ ಕಚೇರಿಯವರು ಬಂದು ಮನೆಯವರನ್ನು ಕೇಳುತ್ತಾರೆ.

"ಯಾರೂ ಬರದಿದ್ರೆ, ಬಂದು ಬಾಯಿ ಬಿಡದಿದ್ರೆ, ಅಭ್ಯಂತರ ಇಲ್ಲ ಅಂತ ಬರ್ಕೊಂಡು ಹೋಗ್ತಾರೆ. ನಾವು ಟೀಚರ್‌ಗಳು ಹೇಳಿದ್ದು ಲೆಕ್ಕಕ್ಕಿಲ್ಲ. ಅದಕ್ಕೆ ಮೊದಲು ಎಲ್ಲರನ್ನೂ ಒಂದ್ಸಲ ಕೂರಿಸಿ ವಿಷಯ ಹೇಳ್ಬೇಕು. ಕರೀತೀಯಾ?"

ನಾನು ಆರನೇ ಕ್ಲಾಸು ಮುಗಿಸಿದಾಗ ನಮ್ಮೂರಲ್ಲಿ ಏಳನೆಯದು ಇರಲಿಲ್ಲ. ಪೇಟೆಯ ಗಾಡಿ ಬೆಳಗಾಗುವ ಮೊದಲೇ ಹೊರಟು ಕತ್ತಲಾದ ಮೇಲೆ ಬರುತ್ತಿತ್ತು. ಯಾಯ್‌ಗೆ — ನಮ್ಮ ಅಜ್ಜಿಗೆ — ಆಗ ಕಾಲು ಮುರಿದಿತ್ತು. ಅಮ್ಮ ಆಗ ತಾನೇ ಬ್ಯಾಂಕಾಕ್‌ಗೆ ಹೋಗಿದ್ದಳು. ನಾನು ಮನೆಯಲ್ಲೇ ಉಳಿದೆ. ಅಷ್ಟೇ. ಮರುವರ್ಷ ಏಳನೇ ಕ್ಲಾಸು ಶುರುವಾಯಿತು. ಅಷ್ಟರಲ್ಲಿ ನಾನು ಗಿರಣಿಯಲ್ಲಿದ್ದೆ.

ಫೈಲಿನ್ ಈಗ ಏಳನೆಯದರಲ್ಲಿದ್ದಾಳೆ.

ಹೂಂ ಎಂದೆ.

ಜನವರಿ 11

ಮೀಟಿಂಗ್ ಸುದ್ದಿ ಹೇಳಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಮನೆಗೆ ಬಂದರೆ ಫೈಲಿನ್ ಅಂಟಕ್ಕಿ ಅನ್ನದ ಬುಟ್ಟಿ ಮುಂದಿಟ್ಟುಕೊಂಡು ಕಾಲು ಚಾಚಿ ಕೂತಿದ್ದಳು.

"ಪೀ, ಏನಕ್ಕೆ ಅಷ್ಟು ಒದ್ದಾಡ್ತೀಯ? ಮುಚ್ಚಿದ್ರೆ ಮುಚ್ಚಲಿ. ನಾನು ಅಮ್ಮನ ಹತ್ರ ಹೋಗಿ ಹೊಲಿಗೆ ಕಲೀತೀನಿ."

ಪೀ ಎಂದರೆ ಅಕ್ಕ. ಜಗಳವಿದ್ದಾಗ ಈ ಹುಡುಗಿ ಆ ಮಾತನ್ನು ಒಳ್ಳೆ ಉದ್ದ ಎಳೆಯುತ್ತಾಳೆ.

"ಮೊದ್ಲು ನಿನ್ ಗುಂಡಿ ಹೊಲ್ಕೋ," ಎಂದಳು ಯಾಯ್. ಫೈಲಿನ್‌ಳ ಯೂನಿಫಾರ್ಮಿನ ತೋಳು ಪಿನ್ನಿನಲ್ಲಿ ನಿಂತಿದೆ.

ಜನವರಿ 14

ಮೀಟಿಂಗ್‌ಗೆ ಬಂದವರು ಐದು ಜನ. ಅದರಲ್ಲಿ ಒಬ್ಬರು ದಾರಿ ತಪ್ಪಿ ಬಂದ ಸೊಳ್ಳೆಪರದೆ ಮಾರುವವರು. ಕ್ರೂ ಹಾಸಿದ ಚಾಪೆಗಳನ್ನು ನಾನೇ ಸುತ್ತಿಟ್ಟೆ. ಕೊಡಲೆಂದು ತಂದಿದ್ದ ಸೋಯಾ ಹಾಲಿನ ಪೊಟ್ಟಣಗಳು ಹಾಗೇ ಉಳಿದವು.

"ಹದಿನೆಂಟಕ್ಕೆ ಇನ್ನೊಂದ್ಸಲ ಕರಿ," ಎಂದರು. ಮುಖ ಸಣ್ಣದಾಗಿತ್ತು.

ಕರೆಯುತ್ತೇನೆ. ಇನ್ನೂ ಗಟ್ಟಿಯಾಗಿ.

ಜನವರಿ 18, ಸಂಜೆ

ನೆನೆಸಿಕೊಳ್ಳಲೂ ನಾಚಿಕೆ. ಆದರೂ ಬರೆಯಬೇಕು.

ಸುದ್ದಿಗೆ ಮೊದಲು ಹಾಡು ಹಾಕುವುದು ಇಲ್ಲಿನ ಪದ್ಧತಿ. ಸಾಮಾನ್ಯ ಸುದ್ದಿಗೆ ಕುಣಿಯುವ ಹಾಡು. ಯಾರಾದರೂ ಸತ್ತರೆ ಹಾಡಿಲ್ಲ. ಓಲಗದಂಥ ಒಂದು ವಾದ್ಯ, ಜೊತೆಗೆ ನಿಧಾನದ ಮದ್ದಳೆ. ಅದು ಕೇಳಿದರೆ ಒಲೆ ಮೇಲಿನದನ್ನು ಇಳಿಸಿಟ್ಟು ಜನ ಹೊರಡುತ್ತಾರೆ. ಮಾತಿಗೆ ಕಾಯುವುದಿಲ್ಲ. ಕುಣಿಯುವ ಡಿಸ್ಕ್‌ಗೆ ಪಟೇಲರು ಹೆಂಡತಿಯ ಉಗುರಿನ ಕೆಂಪು ಬಣ್ಣದಿಂದ ಒಂದು ಬೊಟ್ಟಿಟ್ಟಿದ್ದರು. ಬಣ್ಣ ಉದುರಿಹೋಗಿದೆ. ನನಗೆ ಗೊತ್ತಿತ್ತು. ಪಟೇಲರು ಆಸ್ಪತ್ರೆಗೆ ಹೋಗಿದ್ದರು, ಗಿರಣಿಯಲ್ಲಿ ಜನ ಚೀಲ ಹೊತ್ತು ನಿಂತಿದ್ದರು. ಕೈಗೆ ಸಿಕ್ಕಿದ ಡಿಸ್ಕ್ ಹಾಕಿ, ಗುಂಡಿ ಒತ್ತಿ, ಗಿರಣಿಗೆ ಓಡಿದೆ.

ಗಿರಣಿ ಓಡುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳುವುದಿಲ್ಲ.

ಭತ್ತ ಮುಗಿಸಿ ಬಂದೆ. ಹಾಡು ಮುಗಿದು ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿತ್ತು. ಕಣ್ಣು ಮುಚ್ಚಿದೆ. ಮೈಕ್ ಹಿಡಿದೆ. "ಎಲ್ಲ ಮನೆಯವರೂ ಇವತ್ತು ಶಾಲೆಗೆ ಬರಬೇಕು. ಮಕ್ಕಳ ವಿಷಯ. ಒಬ್ಬರೂ ತಪ್ಪಿಸಬಾರದು."

ಊರಿಗೆ ಕೇಳಿದ್ದು ಮೊದಲು ಸಾವಿನ ವಾದ್ಯ. ಆಮೇಲೆ ಶಾಲೆ. ಆಮೇಲೆ ಮಕ್ಕಳ ವಿಷಯ.

ಊರಿಗೆ ಊರೇ ಓಡಿತು. ಕಪ್ಪು ಬಟ್ಟೆ, ಬಿಳಿ ಬಟ್ಟೆ, ಕೆಲವರು ಉಟ್ಟ ಬಟ್ಟೆಯಲ್ಲೇ. ಹೆಂಗಸರು ಸಾವಿನ ಮನೆಗೆಂದು ಅಕ್ಕಿ ಹೊತ್ತಿದ್ದರು, ಗಂಡಸರು ಸೌದೆ. ಬುನ್‌ಥಾನ್ ತಾತ ಗರಗಸ, ಉಳಿ ಹಿಡಿದು ಬಂದಿದ್ದ. ಊರಲ್ಲಿ ಶವಪೆಟ್ಟಿಗೆ ಮಾಡುವವನು ಅವನೇ. ಗೇಟಿನಲ್ಲೇ ಕೇಳಿದನಂತೆ: "ಎಷ್ಟುದ್ದ?"

ಮಕ್ಕಳು ವಾಲಿಬಾಲ್ ಆಡುತ್ತಿದ್ದವು.

ಸಿಮ್ ಅಜ್ಜಿ ಮೊಮ್ಮಗನನ್ನು ತಬ್ಬಿ ಅತ್ತಳು. ಆಮೇಲೆ ಬದುಕಿದ್ದಾನೆಂದು ಎರಡು ಬಾರಿಸಿದಳು. "ಸತ್ತೋರ್ ಯಾರು? ಯಾರು ಹೋದ್ರು?" ಎಂದು ಎಲ್ಲರೂ ಕ್ರೂ ಸುನಂತಾರನ್ನು ಮುತ್ತಿಕೊಂಡರು. ಅವರು "ಯಾರೂ ಇಲ್ಲ, ಕೂತ್ಕೊಳ್ಳಿ, ಹೇಗೂ ಬಂದಿದ್ದೀರಿ, ಮೀಟಿಂಗ್..." ಎಂದರು. ಯಾರು ಕೂರುತ್ತಾರೆ? ಬೈದುಕೊಂಡು, ಮೊಮ್ಮಕ್ಕಳ ಕೈ ಹಿಡಿದು, ಅಕ್ಕಿ ಸೌದೆ ವಾಪಸ್ ಹೊತ್ತು ಹೋದರು.

ಅಷ್ಟರಲ್ಲಿ ನಾನೂ ಬಂದು ಶಾಲೆಯ ನೀರಿನ ತೊಟ್ಟಿಯ ಹಿಂದೆ ಅಡಗಿದ್ದೆ. ನನ್ನ ಮನೆಯವರೂ ಬಂದಿದ್ದರು. ಯಾಯ್ ಕುಂಟುತ್ತ, ಒಂದು ಕಾಲಿಗೆ ಮಾತ್ರ ಚಪ್ಪಲಿ.

ಜನವರಿ 19

ಪಟೇಲರಿಗೆ ದನಿ ಇಲ್ಲದ್ದು ನನ್ನ ಪುಣ್ಯ. ಆದರೂ ಪಿಸುಮಾತಿನಲ್ಲಿ ಬೈದರು. ಪಿಸುಮಾತಿನ ಬೈಗುಳ ಹೆಚ್ಚು ಉರಿಸುತ್ತದೆ.

"ಸಾವನ್ನ ಮನೆಗೆ ಕರೆದಂಗಾಯ್ತು. ಕರೆದ ಮೇಲೆ ಅದು ಬರಿಗೈಲಿ ಹೋಗುತ್ತಾ?"

"ತಪ್ಪಾಯ್ತು ದೊಡ್ಡಪ್ಪ."

ಕೋಣೆಯ ಬೀಗದ ಕೈ ವಾಪಸ್ ಕೊಟ್ಟೆ.

ಜನವರಿ 20

ಬುನ್‌ಥಾನ್ ತಾತನಿಗೆ ಜ್ವರ. ಎದ್ದಿಲ್ಲ.

ಜನವರಿ 26

ಗಿರಣಿಗೆ ಹೋಗಿಲ್ಲ. ಬರೆದೂ ಇಲ್ಲ. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಶಾಲೆಯಲ್ಲಿ ಫೈಲಿನ್‌ಳನ್ನು "ಸಾವಿನ ತಂಗಿ" ಎನ್ನುತ್ತಾರಂತೆ. ಅವಳು ನನ್ನ ಜೊತೆ ಮಾತಾಡುತ್ತಿಲ್ಲ. ತಾತನ ಜ್ವರ ಬಿಟ್ಟಿಲ್ಲ.

ಇವತ್ತು ಯಾಯ್ ಬಾಳೆಲೆ ತಂದು ಮುಂದೆ ಹಾಕಿದಳು. ಚೆಂಡುಹೂವು, ಸಣ್ಣ ಮೇಣದ ಬತ್ತಿಯ ಕಟ್ಟು, ಊದುಬತ್ತಿ.

"ಸುತ್ತು."

"ಏನಕ್ಕೆ?"

"ಏನಕ್ಕೆ ಅಂದ್ರೆ? ಕ್ಷಮೆ ಕೇಳಾಕೆ. ಮನೆಗೊಂದು ಸುರುಳಿ."

ಊರಿಗೆಲ್ಲ ಎಂದರೆ ಎಷ್ಟು ಮೆಟ್ಟಿಲು ಹತ್ತಬೇಕು! "ಪಟೇಲ್ ದೊಡ್ಡಪ್ಪನ್ನ ಕೇಳಿ, ಒಂದೇ ಒಂದ್ಸಲ ಮೈಕ್‌ನಲ್ಲಿ ಎಲ್ಲರ ಹತ್ರಾನೂ..."

ಯಾಯ್ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತಳು.

"ತಪ್ಪು ಸ್ಪೀಕರ್‌ನಾಗೆ ಹೋಗ್ತದೆ. ಕ್ಷಮೆ ಕಾಲಾಗೆ ಹೋಗ್ಬೇಕು. ಮೊಕ ತೋರ್ಸದೆ ಕೇಳೋ ಕ್ಷಮೆ ಎಂಥದೇ?"

ಸುತ್ತಿದೆ. ಬೆರಳಿಗೆಲ್ಲ ಬಾಳೆಯ ಕಲೆ.

ಜನವರಿ 27

ಮೊದಲು ಸಿಮ್ ಅಜ್ಜಿ ಮನೆ. ಮೆಟ್ಟಿಲ ಬುಡದಲ್ಲಿ ಎಷ್ಟೋ ಹೊತ್ತು ನಿಂತೆ. ನಾಯಿ ಬೊಗಳಿ ಬೊಗಳಿ ಸುಸ್ತಾಗಿ ಮಲಗಿತು. ಅಜ್ಜಿಯೇ ಮೇಲಿಂದ ಇಣುಕಿದಳು.

"ಹತ್ತು, ಇಲ್ಲಾ ಹೋಗು. ನಾಯಿಗೂ ನಿದ್ದೆ ಬೇಕು."

ಹತ್ತಿದೆ. ಮಂಡಿಯೂರಿ ಸುರುಳಿ ಎತ್ತಿ ಹಿಡಿದೆ. ಕ್ಷಮೆ ಕೇಳಲು ಹಿಂದಿನಿಂದ ಬಂದ ಮಾತುಗಳಿವೆ: ಕೈಯಿಂದ, ಬಾಯಿಂದ, ಮನಸ್ಸಿನಿಂದ ಆದದ್ದನ್ನು... ಅವು ಬಾಯಿಪಾಠ. ಕಣ್ಣು ಮುಚ್ಚಿ ಹೇಳಿದೆ.

ಅಜ್ಜಿ ಸುರುಳಿ ತೆಗೆದುಕೊಳ್ಳಲೇ ಇಲ್ಲ. ಕಣ್ಣು ಬಿಟ್ಟೆ. ಬಾಯಿ ತೆರೆದು ನೋಡುತ್ತಿದ್ದಳು.

"ಆ ದನಿ! ಡಿಸ್ಕ್ ಹಾಕಿದ್ದಷ್ಟೇ ನೀನು ಅಂದಿದ್ರು, ಸ್ಪೀಕರ್‌ನಾಗೆ ಮಾತಾಡೋಳೂ ನೀನೇನೇ? ಬಾಯಿಗೆ ಬೆಟ್ಟಿಟ್ರೂ ಕಚ್ಚಾಕೆ ಬಾರದೋಳು ಅಂದ್ಕಂಡಿದ್ದೆ ನಿನ್ನ!"

ಆಮೇಲೆ ಸುರುಳಿ ತೆಗೆದುಕೊಂಡಳು. ಮನ್ನಿಸಿ ಹರಸಿ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದಳು. ದಾರ ಕಟ್ಟಿಸಿಕೊಂಡವರು ಏನಾದರೂ ತಿನ್ನದೆ ಏಳುವ ಹಾಗಿಲ್ಲ. ಸುಟ್ಟ ಗೆಣಸು ಬಂತು. ಬಾಯಿಪಾಠದ ಮಾತು ಮುಗಿದಿತ್ತು. ಸುಮ್ಮನೆ ತಿನ್ನುವುದು ಎಷ್ಟು ಹೊತ್ತು?

"ಅಜ್ಜಿ... ಆವತ್ತು ಕರೆದದ್ದು... ನಿಜವಾಗಿ..." ಎಂದು ಶುರು ಮಾಡಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಹೇಳಿದೆ. ಕ್ಲಾಸು ಮುಚ್ಚುವುದು, ಹದಿಮೂರನೇ ತಾರೀಖು, ಕಚೇರಿಯವರು.

"ಅಯ್ಯೋ, ಇದಾ ಇಸ್ಯ? ಶಾಲೆಯೋರು ಕರೆದ್ರೆ ಮೊಮ್ಮಗ ಏನೋ ಕದ್ದವ್ನೆ ಅಂತ್ಲೇ ನಾನು ಹೋಗಾಕಿಲ್ಲ. ಹೋಗದಿದ್ರೆ ಕದ್ದಿಲ್ಲ ಅಂತಾಯ್ತಲ್ಲ!"

ಇಳಿದು ಬಂದೆ. ಇನ್ನೂ ಎರಡು ಮನೆಗೆ ಹೋದೆ.

ಜನವರಿ 29

ಮೂರು ದಿನದಿಂದ ಊಟ ಮನೆಯಲ್ಲಿಲ್ಲ. ಕುಟ್ಟಿದ ಪಪ್ಪಾಯಿ, ಹುಳಿಸಿದ ಮೀನು, ಗೆಣಸು, ಮತ್ತೆ ಪಪ್ಪಾಯಿ. ಮಣಿಕಟ್ಟಿನಲ್ಲಿ ದಾರಗಳು ಬಳೆಯಷ್ಟು ದಪ್ಪ.

ಯಾರಿಗೂ ಶಾಲೆ ಬೇಡವಾಗಿಲ್ಲ. ಒಬ್ಬರಿಗೆ ಶಾಲೆಯ ಒಳಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಗೊತ್ತಿಲ್ಲ, ಕೇಳಲು ನಾಚಿಕೆ. ಇನ್ನೊಬ್ಬರು ಮೀಟಿಂಗ್ ಎಂದರೆ ಚಂದಾ ಎತ್ತುವುದು ಎಂದುಕೊಂಡಿದ್ದರು. ಕರೆದದ್ದು ಮಗಳನ್ನು, ಮಗಳು ಬ್ಯಾಂಕಾಕ್‌ನಲ್ಲಿದ್ದಾಳೆ, ನಾನು ಬರೀ ಅಜ್ಜಿ ಎಂದರು ಮತ್ತೊಬ್ಬರು. ಮೊಮ್ಮಗನನ್ನು ಹಾಲು ಬಿಟ್ಟಾಗಿನಿಂದ ಸಾಕಿದವರು ಅವರೇ.

ಸಂಜೆ ಕ್ರೂ ಸುನಂತಾರಿಗೆ ಇದನ್ನೆಲ್ಲ ಹೇಳಿದೆ. ಅಷ್ಟು ಉದ್ದ ಅವರ ಜೊತೆ ಯಾವತ್ತೂ ಮಾತಾಡಿರಲಿಲ್ಲ.

"ನಾಳೆಯಿಂದ ನಾನೂ ಬರ್ತೀನಿ," ಎಂದರು.

ಜನವರಿ 30

ಬುನ್‌ಥಾನ್ ತಾತನ ಮನೆ ಇಷ್ಟು ದಿನ ಬಿಟ್ಟಿದ್ದೆ. ಇವತ್ತು ಹೋದೆವು.

ಜ್ವರ ಇಳಿದಿತ್ತು. ಚಾಪೆ ಮೇಲೆ ಗೋಡೆಗೊರಗಿ ಕೂತಿದ್ದ, ಕಡ್ಡಿಯ ಹಾಗೆ. ಕ್ಷಮೆಯ ಮಾತು ಹೇಳಲು ಹೋಗಿ ಅತ್ತುಬಿಟ್ಟೆ.

"ಅಳ್ಬ್ಯಾಡ ಮಗಾ. ಊರಿಗೆಲ್ಲ ಪೆಟ್ಟಿಗೆ ಮಾಡ್ದೋನು ನಾನು. ನನ್ ಪೆಟ್ಟಿಗೆ ಮಾಡೋರ್ ಯಾರವ್ರೆ? ಅದಕ್ಕೇ ವಾಪಸ್ ಬಂದೆ." ಕೆಮ್ಮಿ ನಕ್ಕ. "ಆದ್ರೆ ವಾದ್ಯ ಚೆಂದಾಗಿತ್ತು. ನಂಗೂ ಅದೇ ಹಾಕು."

ಕ್ರೂ ಫೆಬ್ರವರಿ ಹದಿಮೂರರ ವಿಷಯ ತೆಗೆದರು. ಸರ್ಕಾರಿ ಥಾಯ್ ಮಾತಿನಲ್ಲಿ, ಪಾಠ ಹೇಳುವ ಹಾಗೆ. ತಾತ ತಲೆಯಾಡಿಸುತ್ತಲೇ ಇದ್ದ. ಹೂಂ, ಹೂಂ. ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ನನಗೆ ಕಂಡಿತು, ಅವರಿಗೂ ಕಂಡಿತು. ನಿಲ್ಲಿಸಿದರು. ಆಮೇಲೆ ಒಮ್ಮೆಲೇ ನಾವು ಮನೆಯಲ್ಲಿ ಆಡುವ ಲಾವೊ ಮಾತಿನಲ್ಲಿ —

"ತಾತ, ಬಾಯಿ ಮುಚ್ಕಂಡ್ ಹೂಂ ಅನ್ಬ್ಯಾಡ. ಬತ್ತೀಯೋ ಇಲ್ವೋ?"

ತಾತ ಬೆಚ್ಚಿದ. "ಕ್ರೂ, ನೀವು ನಮ್ಮೋರಾ?"

"ಹೊಳೆ ಆಚೆಯೋಳು. ನಮ್ಮಪ್ಪ ಎಮ್ಮೆ ಮಾರ್ತಿದ್ದ."

"ಎಮ್ಮೆ ಸುಕ್ಕನ ಮಗ್ಳಾ? ಅವ್ನು ನಂಗೊಂದು ಕುಂಟೆಮ್ಮೆ ಕೊಟ್ಟಿದ್ದ, ಕಳ್ಳ!"

ಎಷ್ಟು ನಕ್ಕೆವು! ಆಮೇಲೆ ತಾತ ನಗು ನಿಲ್ಲಿಸಿ ಹೇಳಿದ: "ಬತ್ತೀನಿ. ಆದ್ರೆ ಆಫೀಸ್ನೋರ ಮುಂದೆ ನಾನು ಬಾಯಿ ಬಿಡಾಕಿಲ್ಲ. ನಮ್ ಮಾತ್ ಕೇಳಿ ನಗ್ತಾರೆ. ನನ್ನ ನೋಡಿ ಒಂದ್ಸಲ ನಕ್ಕವ್ರೆ. ಆ ನಗು ಇನ್ನೂ ಕಿವೀಲೈತೆ."

ಎಲ್ಲ ಮನೆಯಲ್ಲೂ ಕೊನೆಗೆ ಇದೇ. ಬರುತ್ತೇವೆ, ಮಾತಾಡುವುದಿಲ್ಲ. ಬಂದು ಸುಮ್ಮನೆ ಕೂತರೆ ಬರದೇ ಇದ್ದ ಹಾಗೇ.

ಫೆಬ್ರವರಿ 3

ನೋಕ್ ಅತ್ತೆಯ ಮನೆ. ಬಸ್‌ಸ್ಟ್ಯಾಂಡ್ ಹತ್ತಿರ ನೂಡಲ್ಸ್ ಮಾರುತ್ತಾಳೆ, ಮಗಳು ಎಂಟನೆಯದರಲ್ಲಿ. ದಾರ ಕಟ್ಟಿದಳು, ಬಟ್ಟಲು ತುಂಬ ನೂಡಲ್ಸ್ ಕೊಟ್ಟಳು, ಆಮೇಲೆ ಹೇಳಿದಳು:

"ಮುಚ್ಲಿ ಅಂತೀನಿ ನಾನು. ಪೇಟೆ ಶಾಲೇಲಿ ಲ್ಯಾಬ್ ಇದೆ. ಇಂಗ್ಲಿಷಿಗೇ ಬೇರೆ ಟೀಚರ್. ಇಲ್ಲಿ ಗಣಿತ ಹೇಳೋರೇ ಹಾಡೂ ಹೇಳ್ತಾರೆ, ಬೇಲೀನೂ ಕಟ್ತಾರೆ."

ಕ್ರೂ ಇವತ್ತು ಬಂದಿರಲಿಲ್ಲ. ಅತ್ತೆ ಹೇಳಿದ್ದು ಸುಳ್ಳಲ್ಲ. ಅವಳ ಮಗಳನ್ನು ಬೈಕಿನಲ್ಲಿ ಬಿಟ್ಟು ಬರಲು ಗಂಡ ಇದ್ದಾನೆ. ನಮ್ಮ ಮನೆಯಲ್ಲಿ ಯಾಯ್‌ಳ ಕೋಲಿದೆ.

"ಹಾಗಾದ್ರೆ ಬಂದು ಅದನ್ನೇ ಹೇಳಿ, ಅತ್ತೆ," ಎಂದುಬಿಟ್ಟೆ.

"ಹಾಗೂ ಹೇಳ್ಬಹುದಾ?"

"ಕೇಳೋಕೆ ತಾನೆ ಬರ್ತಿರೋದು."

ಮುಖ ನೋಡಿದಳು. ಬಟ್ಟಲಿಗೆ ಇನ್ನೊಂದು ಮೀನಿನ ಉಂಡೆ ಹಾಕಿದಳು.

ರಾಜಿ ಮಾಡಿಕೊಂಡು ಬಂದೆನಾ, ಸೋತು ಬಂದೆನಾ? ಗೊತ್ತಿಲ್ಲ. ಆದರೆ ಅವಳು ಬರುತ್ತಾಳೆ. ಬಂದರೆ ಬಾಯಿ ಬಿಡುವವಳು ಅವಳೊಬ್ಬಳೇ. ಅದೂ ಮುಚ್ಚಿ ಎನ್ನಲು.

ಫೆಬ್ರವರಿ 6

ಕ್ರೂ ಅವರ ಫೋನಿನಿಂದ ಅಮ್ಮನ ಜೊತೆ ಮಾತಾಡಿದೆ. ಹಿಂದೆ ಮಿಷನ್‌ಗಳ ಸದ್ದು. ಅಮ್ಮ ಕೂಗಿ ಮಾತಾಡುತ್ತಾಳೆ, ನಮಗೂ ಕೇಳುವುದಿಲ್ಲವೇನೋ ಎಂಬ ಹಾಗೆ.

"ಫೈಲಿನ್ ಅಲ್ಲಿಗೆ ಬರ್ತೀನಿ ಅಂತಾಳೆ, ಅಮ್ಮ. ಹೊಲಿಗೆ ಕಲೀತಾಳಂತೆ."

"ನನ್ನ ಪಕ್ಕದ ಮಿಷನ್ ಖಾಲೀನೇ ಇದೆ." ಎಂದಳು. "ಆ ಮಿಷನ್‌ನೋಳು ಯಾಕೆ ಹೋದ್ಲು ಗೊತ್ತಾ? ಕಣ್ಣು ಹೋಯ್ತು. ಫೈಲಿನ್ ಬರೋದು ಬೇಡ ಕಣೆ."

ಫೈಲಿನ್ ಪಕ್ಕದಲ್ಲೇ ಕೂತಿದ್ದಳು. ಉಗುರು ಕಚ್ಚುತ್ತಿದ್ದವಳು ನಿಲ್ಲಿಸಿದಳು.

"ಮೀಟಿಂಗ್‌ಗೆ ನೀನು ಬರಬೇಕಿತ್ತು," ಎಂದೆ.

"ನೀನೇ ಹೋಗು. ಅವಳ ಮನೆಯೋಳು ನೀನೇ. ಕ್ರೂಗೆ ನಾನು ಹೇಳ್ತೀನಿ." ಆಮೇಲೆ ದನಿ ತಗ್ಗಿಸಿದಳು. "ಬುವಾ... ನೀನು ಶಾಲೆ ಬಿಟ್ಟಾಗ ಯಾರೂ ನನ್ನ ಕೇಳ್ಲಿಲ್ಲ. ಕೇಳಿದ್ರೆ ಏನಾದ್ರೂ ಹೇಳ್ತಿದ್ದೆ."

ಏನು ಹೇಳುತ್ತಿದ್ದೆ ಎಂದು ಕೇಳುವಷ್ಟರಲ್ಲಿ ಅಲ್ಲಿ ಯಾರೋ ಕೂಗಿದರು. ಕಟ್ ಆಯಿತು.

ಗ್ರೂಪಿನಲ್ಲಿ ಅಮ್ಮನ ಮೆಸೇಜ್ ಬಂತು: ಫೈಲಿನ್ ಪರವಾಗಿ ಅವಳ ಅಕ್ಕ ಸೈಬುವಾ ಮಾತಾಡುತ್ತಾಳೆ. ಸೈಬುವಾ ನನ್ನ ಪೂರ್ತಿ ಹೆಸರು. ಈ ಸಲ ಮೊಲ ಹಾಕಿರಲಿಲ್ಲ.

ಮಾತಾಡುತ್ತಾಳೆ. ಬರೆದುಬಿಟ್ಟಿದ್ದಾಳೆ.

ಫೆಬ್ರವರಿ 11

ಪಟೇಲರು ನಮ್ಮ ಮನೆಗೆ ಬಂದರು. ಯಾಯ್ ಚಾಪೆ ಹಾಸಿದಳು. ಅವರ ಪಾಲಿನ ಸುರುಳಿ ಮೊದಲ ದಿನವೇ ಕೊಟ್ಟಿದ್ದೆ. ಆಗ ದಾರ ಕಟ್ಟಿದ್ದರು, ಮಾತಾಡಿರಲಿಲ್ಲ.

ಬೀಗದ ಕೈ ಚಾಪೆ ಮೇಲಿಟ್ಟರು. ಪಿಸುಗುಟ್ಟಿದರು:

"ನಾ ಮೈಕ್ ಹಿಡಿದಷ್ಟೂ ಕಾಲ ಜನ ಅರ್ಧ ಕಿವೀಲಿ ಕೇಳೋರು. ಈಗ ಸ್ಪೀಕರ್ ಕರ್ರ್ ಅಂದ್ರೆ ಸಾಕು, ಊರೇ ಉಸಿರು ಬಿಗಿ ಹಿಡೀತದೆ. ನೀ ಮಾಡಿದ ಕೆಲಸ. ನೀನೇ ಅನುಭವಿಸು."

"ಡಿಸ್ಕ್ ನೋಡಿ ಹಾಕೇ," ಎಂದಳು ಯಾಯ್.

ಫೆಬ್ರವರಿ 12, ಸಂಜೆ

ಪಟೇಲರು ಕುಣಿಯುವ ಡಿಸ್ಕ್‌ಗೆ ಕೆಂಪು ಬೊಟ್ಟು ಹೊಸದಾಗಿ ಇಟ್ಟಿದ್ದಾರೆ. ಸಾವಿನ ಡಿಸ್ಕ್ ಬೇರೆ ಡಬ್ಬಿಗೆ ಹೋಗಿದೆ. ಆದರೂ ಹಾಡು ಶುರುವಾಗುವ ತನಕ ಸ್ಪೀಕರ್ ಕಂಬದ ಕೆಳಗೇ ನಿಂತಿದ್ದೆ. ಕುಣಿಯುವ ಹಾಡು ಕೇಳಿದ ಮೇಲೇ ಒಳಗೆ ಹೋದದ್ದು.

ಇವತ್ತು ಸರ್ಕಾರಿ ಥಾಯ್ ಬಿಟ್ಟೆ. ಮನೆಯಲ್ಲಿ ಯಾಯ್ ಜೊತೆ ಆಡುವ ಮಾತಿನಲ್ಲೇ ಹೇಳಿದೆ. ಬಾಯಿಪಾಠ ಮಾಡಿರಲಿಲ್ಲ.

"ನಾನು ಬುವಾ. ಪಟೇಲ್ರ ಗಿರಣಿಯೋಳು. ಯಾರೂ ಸತ್ತಿಲ್ಲ. ನಾಳೆ ಬೆಳಿಗ್ಗೆ ಊಟ ಮುಗಿಸ್ಕಂಡು ಶಾಲೆಗೆ ಬನ್ನಿ. ಅಜ್ಜ, ಅಜ್ಜಿ, ಅತ್ತೆ, ಅಕ್ಕ — ಮಗೀನ ತಟ್ಟೆಗೆ ಅನ್ನ ಹಾಕೋರು ಯಾರೋ ಅವ್ರು ಬನ್ನಿ. ಯಾರೂ ಏನೂ ಕದ್ದಿಲ್ಲ. ಚಂದಾ ಎತ್ತಲ್ಲ. ಚಪ್ಲಿ ಮೆಟ್ಟಿಲ ಹತ್ರ ಬಿಡಿ. ಮುಚ್ಲಿ ಅನ್ನೋರೂ ಬನ್ನಿ, ಬ್ಯಾಡ ಅನ್ನೋರೂ ಬನ್ನಿ. ಅಕ್ಕಿ ಸೌದೆ ತರಬ್ಯಾಡಿ."

ಕಣ್ಣು ತೆರೆದೇ ಹೇಳಿದೆ. ಮುಗಿದ ಮೇಲೆ ಗೊತ್ತಾಯಿತು.

ಮನೆಗೆ ಬರುವ ದಾರಿಯಲ್ಲಿ ಎರಡು ಕಡೆ ನಕ್ಕದ್ದು ಕೇಳಿಸಿತು. ಬೈದು ನಕ್ಕದ್ದಲ್ಲ.

ಫೈಲಿನ್ ತೋಳಿನ ಪಿನ್ನು ತೆಗೆದು ಗುಂಡಿ ಹಚ್ಚಿಕೊಳ್ಳುತ್ತಿದ್ದಳು. ಸೊಟ್ಟ. "ಹೊಲಿಗೆ ನಂಗೆ ಬರಲ್ಲ, ಪೀ," ಎಂದಳು. ಈ ಸಲ ಎಳೆಯಲಿಲ್ಲ.

ಫೆಬ್ರವರಿ 13, ಶಾಲೆಯ ಹಾಲ್

ಮಾತಾಡಬೇಕಾದ್ದನ್ನು ಬರೆದುಕೊಂಡು ಬಾ ಎಂದಿದ್ದರು ಕ್ರೂ. ಪುಸ್ತಕ ತೊಡೆ ಮೇಲಿದೆ. ಬರೆಯಲು ಹೋದರೆ ಆ ಮಾತು ಬರುತ್ತಿಲ್ಲ, ಈ ದಿನಚರಿಯೇ ಬರುತ್ತಿದೆ.

ಬಂದಿದ್ದಾರೆ. ಮೆಟ್ಟಿಲ ಹತ್ತಿರ ಚಪ್ಪಲಿಗಳು ರಾಶಿ ಬಿದ್ದಿವೆ. ಚಾಪೆ ಸಾಲದೆ ಹುಡುಗರು ವಿಹಾರದಿಂದ ತರುತ್ತಿದ್ದಾರೆ. ಸಿಮ್ ಅಜ್ಜಿ ಹಬ್ಬದ ರೇಷ್ಮೆ ಉಟ್ಟಿದ್ದಾಳೆ. ಬುನ್‌ಥಾನ್ ತಾತನನ್ನು ಮೊಮ್ಮಗ ಕೈಗಾಡಿಯಲ್ಲಿ ತಂದ. ಇಳಿಯುತ್ತಲೇ ತಾತ ನನ್ನ ಕಡೆ ನೋಡಿ ಕೇಳಿದ: "ಎಷ್ಟುದ್ದ?" ಊರೆಲ್ಲ ನಕ್ಕಿತು. ಕಚೇರಿಯವರಿಗೆ ಅರ್ಥವಾಗಲಿಲ್ಲ.

ಕಚೇರಿಯವರು ಇಬ್ಬರು. ಒಬ್ಬರು ಫ್ಯಾನ್ ಕೆಳಗಿನ ಕುರ್ಚಿಯಲ್ಲಿ, ಇನ್ನೊಬ್ಬರು ಬರೆದುಕೊಳ್ಳಲು. ಇಷ್ಟು ಜನ ಬರುತ್ತಾರೆಂದು ಅಂದುಕೊಂಡಿರಲಿಲ್ಲ ಎಂದರು. ಆಮೇಲೆ ಮುಚ್ಚುವುದು ಯಾಕೆ ಒಳ್ಳೆಯದು ಎಂದು ಹೇಳಿದರು. ಉದ್ದಕ್ಕೆ ಹೇಳಿದರು. ಕೆಟ್ಟದಾಗಿ ಏನೂ ಹೇಳಲಿಲ್ಲ.

ನೋಕ್ ಅತ್ತೆ ಎದ್ದಳು. ಲ್ಯಾಬ್, ಇಂಗ್ಲಿಷ್, ಬೇಲಿ. ಎಲ್ಲ ಹೇಳಿದಳು. ಬರೆದುಕೊಂಡರು. ಕೂರುವ ಮೊದಲು ನನ್ನ ಕಡೆ ತಿರುಗಿ, "ನಂದಾಯ್ತು. ಈಗ ನೀವು," ಎಂದಳು. ಅಣಕವಲ್ಲ. ನನಗೆ ಅವಳ ಮೇಲೆ ಕೋಪ ಬರಲಿಲ್ಲ.

ಈಗ ಕೇಳುತ್ತಿದ್ದಾರೆ. "ಬೇರೆ ಯಾರಾದರೂ? ಮನೆಯವರು ಯಾರಾದರೂ?"

ಯಾರೂ ಏಳುತ್ತಿಲ್ಲ. ಸಿಮ್ ಅಜ್ಜಿ ರೇಷ್ಮೆಯ ಅಂಚು ನೋಡುತ್ತಿದ್ದಾಳೆ. ತಾತ ಸೂರು ನೋಡುತ್ತಿದ್ದಾನೆ. ಬರೆದುಕೊಳ್ಳುವವರ ಪೆನ್ನು ಕಾಯುತ್ತಿದೆ. ನನ್ನದೂ. ಫ್ಯಾನಿನ ಸದ್ದು ಅಮ್ಮನ ಮಿಷನ್ ಹಾಗೆ. ಕಿಟಕಿಯ ಹೊರಗೆ ಏಳನೇ ಕ್ಲಾಸಿನ ತಲೆಗಳು, ಅದರಲ್ಲಿ ಒಂದು ಫೈಲಿನ್‌ಳದು.

ಮತ್ತೊಮ್ಮೆ ಕೇಳಿದರು. ಕೇಳುತ್ತಿದ್ದಾರೆ, ಅಮ್ಮ. ಈ ಸಲ ಕೇಳುತ್ತಿದ್ದಾರೆ.

ಕ್ರೂ ಮೈಕ್ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಾರೆ. ಯಾಯ್ ಕೋಲಿನಿಂದ ತಿವಿದಳು. "ಮೊಕ ತೋರ್ಸು" ಎಂದಳು. ಏಳುತ್ತಿದ್ದೇನೆ. ಪುಸ್ತಕ ಅವಳ ಮಡಿಲಿಗೆ —